ಮೇಟ್ರನ್ ಮನೆ ಹುಡುಗಿ

ದೊಡ್ಡಮ್ಮನಿಗೆ ಲಕ್ವ ಹೊಡೆದಾಗ ಎಡಗೈ ಹೋಯಿತು, ಎಡಗಾಲು ಹೋಯಿತು, ಎಡಗೆನ್ನೆಯೂ ಸ್ವಲ್ಪ ಜೋತುಬಿತ್ತು. ನಾಲಗೆಗೆ ಮಾತ್ರ ಏನೂ ಆಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ಎಷ್ಟೋ ನರ್ಸುಗಳನ್ನು ಅಳಿಸಿದ ನಾಲಗೆ ಅದು. ನಿವೃತ್ತಿಯಾದ ಮೇಲೂ ಬೀದಿಯವರೆಲ್ಲ ಆಕೆಯನ್ನು ಮೇಟ್ರನ್ ಎಂದೇ ಕರೆಯುತ್ತಿದ್ದರು. ಸ್ವಂತ ಸೊಸೆಯೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದಳು.

ಕೆಳಗಿನ ಕೋಣೆಯಲ್ಲಿ ಆಕೆಯನ್ನು ನೋಡಿಕೊಳ್ಳುತ್ತಿದ್ದವಳು ತಂಗಿಯ ಮಗಳು. ತೆಳ್ಳಗೆ, ಉದ್ದಕ್ಕೆ ಇದ್ದಳೆಂದು ಚಿಕ್ಕಂದಿನಲ್ಲಿ ಯಾರೋ ಕಡ್ಡಿ ಎಂದರು, ಅದೇ ಉಳಿದುಕೊಂಡಿತು. ತಾಯಿ ತೀರಿಕೊಂಡ ಮೇಲೆ, ತಂದೆ ಬೇರೆ ಸಂಸಾರ ಹೂಡಿದ ಮೇಲೆ, ಓದಲೆಂದು ಈ ಮನೆಗೆ ಬಂದವಳು. ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಸಿ ಉಸಿರು ಬಿಡುವಷ್ಟರಲ್ಲಿ ದೊಡ್ಡಮ್ಮ ಬಚ್ಚಲಲ್ಲಿ ಬಿದ್ದಳು. “ಸ್ವಲ್ಪ ದಿನ ನೋಡ್ಕೋ. ಆಮೇಲೆ ಯಾರನ್ನಾದ್ರೂ ಗೊತ್ತು ಮಾಡೋಣ” ಎಂದ ಅಣ್ಣ, ದೊಡ್ಡಮ್ಮನ ಒಬ್ಬನೇ ಮಗ. ಆ ಸ್ವಲ್ಪ ದಿನ ನಾಲ್ಕು ವರ್ಷವಾಯಿತು. ಅಣ್ಣನಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿಯಿತ್ತು. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವವನಿಗೆ ತನ್ನ ಮನೆಯ ಕೆಳಗಿನ ಕೋಣೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ತಲೆ ಹಾಕಿ “ಹೇಗಿದ್ದೀಯಮ್ಮ?” ಎನ್ನುವನು. ಉತ್ತರ ಬರುವುದರೊಳಗೆ ಅವನ ಸ್ಕೂಟರು ಶುರುವಾಗಿರುತ್ತಿತ್ತು.

ಕೋಣೆಯಲ್ಲಿ ಕಬ್ಬಿಣದ ಮಂಚ, ರಬ್ಬರ್ ಶೀಟು, ಕೈಗೆ ಸಿಗುವಂತೆ ಒಂದು ಗಂಟೆ. ಮಂಚದ ಕೆಳಗೆ ಬೆಡ್‌ಪ್ಯಾನು. ಕಿಟಕಿಯಾಚೆ ಪಕ್ಕದ ಮನೆಯ ಸುಣ್ಣ ಕಾಣದ ಗೋಡೆ. ಕಡ್ಡಿ ದಿನವೂ ದೊಡ್ಡಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಹಾಸಿಗೆ ಸರಿಮಾಡುವಳು. ದೊಡ್ಡಮ್ಮ ಪ್ರತಿಯೊಂದಕ್ಕೂ ಹೆಸರಿಡುವಳು.

“ಇದು ಮೂಲೆ ಮಡಚಿರೋದಾ? ನಾಯಿ ಮಲಗಿ ಎದ್ದು ಹೋದ ಹಾಗಿದೆ.”

ಕಡ್ಡಿ ಮೂಲೆಯನ್ನು ಬಿಚ್ಚಿ ಮತ್ತೆ ಮಡಚುವಳು.

“ಮುಖ ಯಾಕೆ ಹಾಗಿಟ್ಕೊಂಡಿದ್ದೀಯ? ನಿನಗೆ ರೋಗಿ ಅಂದ್ರೆ ಅಸಹ್ಯ. ಎದ್ದು ಕಾಣುತ್ತೆ.”

“ರೋಗ ಅಂದ್ರೆ ನನಗೇನೂ ಅಸಹ್ಯ ಇಲ್ಲ” ಎಂದಳು ಕಡ್ಡಿ ಒಂದು ದಿನ. “ನೀವು ಅಂದ್ರೆ.”

ದೊಡ್ಡಮ್ಮ ಸರಿಯಾಗಿರುವ ಅರ್ಧ ಬಾಯಲ್ಲಿ ನಕ್ಕಳು. ಆ ದಿನ ಮಧ್ಯಾಹ್ನವೆಲ್ಲ ಗಂಟೆ ಬಾರಿಸಿದಳು. ದಿಂಬು ಎತ್ತರ, ದಿಂಬು ತಗ್ಗು, ಫ್ಯಾನು ಜೋರು, ಫ್ಯಾನು ನಿಧಾನ. ಕೊನೆಗೊಮ್ಮೆ ಕಡ್ಡಿ ಸಿಟ್ಟಿನಲ್ಲಿ ಬೆನ್ನು ಉಜ್ಜಿದ ರಭಸಕ್ಕೆ ಚರ್ಮ ಕೆಂಪಗಾಯಿತು. ದೊಡ್ಡಮ್ಮ ನೋವೆನ್ನಲಿಲ್ಲ. “ಹಾಂ, ಹೀಗೆ. ಈಗ ನಿನ್ನ ಬಣ್ಣ ಹೊರಗೆ ಬಂತು” ಎಂದಳು. ಕಡ್ಡಿ ಬಟ್ಟೆಯನ್ನು ಬಕೆಟಿಗೆ ಎಸೆದು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತಳು. ಇನ್ನೊಂದು ವರ್ಷ ಇಲ್ಲೇ ಇದ್ದರೆ ಈ ಕೈ ಇನ್ನೇನು ಮಾಡೀತೋ ಎಂದು ಅವಳಿಗೆ ಹೆದರಿಕೆಯಾಯಿತು.

ವಿಶ್ವವಿದ್ಯಾಲಯದ ನರ್ಸಿಂಗ್ ಪದವಿಗೆ ಅರ್ಜಿ ಹಾಕಬೇಕೆಂದು ಅವಳು ನಿಶ್ಚಯಿಸಿದ್ದು ಆಗಲೇ. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ, ಮಾಡಲು ಬೇಸರವಿಲ್ಲದ ಕೆಲಸವೂ ಅದೇ. ಬೇಸರ ಬಂದಿದ್ದು ಈ ಒಂದು ಕೋಣೆಯ ಮೇಲೆ. ಫಿಸಿಯೋಥೆರಪಿಯವಳು ವ್ಯಾಯಾಮ ಮಾಡಿಸಲು ಬಂದ ದಿನ ಔಷಧಿ ಅಂಗಡಿಗೆಂದು ಹೇಳಿ ಹೊರಟು, ಬಸ್ಸು ಹಿಡಿದು ಹೋಗಿ, ಅರ್ಜಿ ತುಂಬಿ ಕೊಟ್ಟು ಬಂದಳು. ಫೋನ್ ನಂಬರ್ ಎಂಬಲ್ಲಿ ಅಣ್ಣನ ನಂಬರನ್ನೇ ಬರೆಯಬೇಕಾಯಿತು. ಮನೆಯಲ್ಲೇ ಇರುವವಳಿಗೆ ಫೋನ್ ಯಾಕೆ ಎಂದು ಅವಳಿಗೆ ಯಾರೂ ಫೋನ್ ಕೊಡಿಸಿರಲಿಲ್ಲ.

ನಂಬರು ಅವನದಾದ ಮೇಲೆ ಹೇಳದೆ ವಿಧಿಯಿರಲಿಲ್ಲ. ಆ ಸಂಜೆ ಅಣ್ಣ, ಅತ್ತಿಗೆ ಇಬ್ಬರೂ ಕೆಳಗಿದ್ದಾಗ, ದೊಡ್ಡಮ್ಮನ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದಳು.

ಮೊದಲು ಬಾಯಿ ಬಿಟ್ಟವಳು ಅತ್ತಿಗೆ. “ಹಾಗಾದ್ರೆ ಅತ್ತೇನ ನಾನು ತೊಳೀಬೇಕಾ?”

“ನಿಮ್ಮತ್ತೆ ತಾನೇ” ಎಂದಳು ಕಡ್ಡಿ.

“ನೋಡಿದ್ರಾ ಮಾತು?” ಅತ್ತಿಗೆ ಗಂಡನ ಕಡೆ ತಿರುಗಿದಳು. “ಉಂಡ ಮನೇಲಿ ನಿಂತು ಹೇಗೆ ಮಾತಾಡ್ತಾಳೆ ನೋಡಿ.”

ಅಣ್ಣ ಸಮಾಧಾನದ ದನಿ ತೆಗೆದ. ಗಿರಾಕಿಗೆ ದುಬಾರಿ ಫ್ರೇಮು ತೋರಿಸುವಾಗ ಬರುವ ದನಿ. “ಕಡ್ಡಿ, ನಾವು ನಿನ್ನ ಬೇಡ ಅಂದಿದ್ದೀವಾ? ಓದು. ಆದ್ರೆ ಈಗ ಬೇಡ. ಅಮ್ಮನ ಪರಿಸ್ಥಿತಿ ನೋಡು. ಇನ್ನೆಷ್ಟು ದಿನ ಅಂತ…”

“ಏ, ನಾನಿಲ್ಲೇ ಇದ್ದೀನಿ” ಎಂದಳು ದೊಡ್ಡಮ್ಮ ಹಾಸಿಗೆಯಿಂದ. “ಇನ್ನೆಷ್ಟು ದಿನ ಅಂತ ಲೆಕ್ಕ ಹಾಕೋದಾದ್ರೆ ಮಹಡಿಗೆ ಹೋಗಿ ಹಾಕು.”

ದೊಡ್ಡಮ್ಮ ಕಡ್ಡಿಯ ಕಡೆ ಕತ್ತು ತಿರುಗಿಸಿದಳು.

“ನರ್ಸಿಂಗಾ? ನೀನಾ? ಯಾವ ಆಸ್ಪತ್ರೆಗೆ ಗ್ರಹಚಾರ ಕಾದಿದೆಯೋ. ಹುಡುಗೀರನ್ನ ಅರೆದು ಕುಡಿದಿದ್ದೀನಿ ನಾನು. ಯಾರು ನಿಲ್ತಾರೆ, ಯಾರು ಓಡ್ತಾರೆ ಅಂತ ನಡಿಗೆ ನೋಡಿ ಹೇಳ್ತೀನಿ. ನಿನ್ನ ಮೊದಲನೇ ದಿನವೇ ವಾಪಸ್ ಕಳಿಸ್ತಿದ್ದೆ.”

“ನೀವಿಲ್ಲವಲ್ಲ ಅಲ್ಲಿ.”

“ಅದೇ ನಿನ್ನ ಅದೃಷ್ಟ.”

ಆ ದಿನದಿಂದ ಮನೆ ಅವಳ ಮೇಲೆ ಹಲ್ಲು ಮಸೆಯತೊಡಗಿತು. ಅತ್ತಿಗೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಗೋಡೆಗೋ ಬಾಗಿಲಿಗೋ ಹೇಳುವಳು. “ಕೆಲವರು ಈಗಲೇ ಡಾಕ್ಟರಮ್ಮ ಆದ ಹಾಗಿದೆ” ಎಂದು ಮೆಟ್ಟಿಲಿಗೆ ಹೇಳಿ ಮೇಲೆ ಹೋಗುವಳು. ಅಣ್ಣ ಮಾತ್ರ ಎಂದಿಗಿಂತ ಹೆಚ್ಚು ನಗುಮುಖದಿಂದಿದ್ದ. ದಾರಿಯಲ್ಲಿ ಎದುರಾದರೆ “ಏನಾದ್ರೂ ಬಂತಾ ನಿನ್ನ ಯೂನಿವರ್ಸಿಟಿಯಿಂದ?” ಎಂದು ತಾನೇ ಕೇಳುವನು. ಇಲ್ಲ ಎಂದರೆ “ಬರುತ್ತೆ ಬಿಡು” ಎನ್ನುವನು. ವಾರಗಳು ಕಳೆದವು. ಏನೂ ಬರಲಿಲ್ಲ. ಕಡ್ಡಿ ಅಂಕಪಟ್ಟಿ ತೆಗೆದು ನೋಡುವಳು, ತನಗಿಂತ ಕಡಿಮೆ ಬಂದವರಿಗೂ ಹಿಂದೆ ಸೀಟು ಸಿಕ್ಕಿತ್ತಲ್ಲ ಎಂದು ಯೋಚಿಸುವಳು, ಮತ್ತೆ ಒಳಗಿಡುವಳು.

ಒಂದು ಬೆಳಿಗ್ಗೆ ದೊಡ್ಡಮ್ಮನ ಕಾಲಿನ ಉಗುರು ಕತ್ತರಿಸುತ್ತಿದ್ದಾಗ ಆಕೆ ಚಾವಣಿ ನೋಡುತ್ತಾ ಹೇಳಿದಳು. “ಇವತ್ತು ನಿನ್ನ ಇಂಟರ್‌ವ್ಯೂ.”

ಕಡ್ಡಿಯ ಕೈ ನಿಂತಿತು. “ಏನಂದ್ರಿ?”

“ಕಿವಿ ಕೇಳಿಸಲ್ವಾ? ಹೋದ ವಾರ ಅವರು ಫೋನ್ ಮಾಡಿದ್ರು. ನನ್ನ ಮಗ ಆ ಕಿಟಕಿ ಹೊರಗೆ ನಿಂತು ಮಾತಾಡಿದ. ನನ್ನ ಕಿವಿಗೂ ಲಕ್ವ ಹೊಡೆದಿದೆ ಅಂದ್ಕೊಂಡಿದ್ದಾನೆ. ‘ಅವಳಿಗೆ ಇಷ್ಟ ಇಲ್ಲ, ಮನಸ್ಸು ಬದಲಾಯಿಸಿದ್ದಾಳೆ, ಹೆಸರು ತೆಗೀರಿ’ ಅಂದ. ಮಧ್ಯಾಹ್ನದವರೆಗೂ ನಡೆಯುತ್ತಂತೆ.”

ಕಡ್ಡಿಗೆ ಮೈಯೆಲ್ಲ ಉರಿಯಿತು. ಹೋದ ವಾರವೂ ಅವನು ನಗುತ್ತಾ ಕೇಳಿದ್ದನಲ್ಲ, ಏನಾದರೂ ಬಂತಾ ಎಂದು. ಒಂದು ವಾರ ಬಾಯಿ ಬಿಡದಿದ್ದ ಈ ಮುದುಕಿಯ ಮೇಲೂ ಅಷ್ಟೇ ಸಿಟ್ಟು ಬಂತು.

“ಇಷ್ಟು ದಿನ ಯಾಕೆ ಹೇಳಲಿಲ್ಲ? ಈಗ ಯಾಕೆ ಹೇಳ್ತಿದ್ದೀರಿ?”

“ಹೇಳಬೇಕೋ ಬೇಡವೋ ಅಂತ ನೋಡ್ತಿದ್ದೆ” ಎಂದಳು ದೊಡ್ಡಮ್ಮ. “ನಿನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೋಬೇಡ. ನೀನು ಹೋಗದೆ ಉಳಿದ್ರೆ ಸಾಯೋವರೆಗೂ ನಮ್ಮಣ್ಣ ತಪ್ಪಿಸಿದ ಅಂತ ಹೇಳ್ಕೊಂಡು ತಿರುಗ್ತೀಯ. ಹೋಗು. ಅವರೇ ನಿನ್ನ ಬಾಯಿಗೆ ಮಣ್ಣು ಹಾಕಿ ಕಳಿಸ್ಲಿ. ಆಗ ನೀನು ಲಾಯಕ್ಕಿಲ್ಲದೆ ಉಳಿದೆ ಅಂತಾಗುತ್ತೆ.”

ಕಡ್ಡಿ ಉಗುರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಬೆಡ್‌ಪ್ಯಾನು, ನೀರು, ಗಂಟೆ ಮೂರನ್ನೂ ಬಲಗೈಗೆ ಎಟುಕುವಂತೆ ಇಟ್ಟಳು. ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದಳು: “ಅತ್ತಿಗೆ, ನಾನು ಹೊರಗೆ ಹೋಗ್ತಿದ್ದೀನಿ. ಗಂಟೆ ಹೊಡೆದ್ರೆ ಕೇಳಿಸ್ಕೊಳ್ಳಿ.” ಉತ್ತರಕ್ಕೆ ಕಾಯಲಿಲ್ಲ.

ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದ ಮುಂದಿನ ಮೊಗಸಾಲೆಯಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಹುಡುಗಿಯರು ಸಾಲಾಗಿ ಕೂತಿದ್ದರು. ಒಂದಿಬ್ಬರು ಹುಡುಗರೂ ಇದ್ದರು. ಕಡ್ಡಿಯ ತೋಳಿನ ಮೇಲೆ ಬೆಳಗಿನ ಸೋಪಿನ ಕಲೆಯಿತ್ತು. ಕಿಟಕಿಯೊಳಗೆ ಕೂತಿದ್ದ ಗುಮಾಸ್ತ ಹೆಸರು ಕೇಳಿ, ಬೆರಳಲ್ಲಿ ಹುಡುಕಿ, ತಲೆಯಲ್ಲಾಡಿಸಿದ.

“ನಿಮ್ಮದು ರದ್ದಾಗಿದೆ. ಮನೆಯವರೇ ಬೇಡ ಅಂದಿದ್ದಾರೆ.”

“ಅರ್ಜಿ ಹಾಕಿದ್ದು ನಾನು. ಬೇಡ ಅನ್ನೋಕೆ ಅವರ್ಯಾರು?”

“ನೀವು ಕೊಟ್ಟ ನಂಬರೇ ಅಮ್ಮ. ಅವರು ಗಾರ್ಡಿಯನ್ ಅಂದ್ರು.”

“ನನಗೆ ಇಪ್ಪತ್ತೆರಡು. ನನಗ್ಯಾವ ಗಾರ್ಡಿಯನ್?”

“ಅದನ್ನ ನನ್ನ ಹತ್ರ ಹೇಳಿ ಏನು ಪ್ರಯೋಜನ? ಮನೆ ಜಗಳ ಮನೇಲಿ ಮುಗಿಸ್ಕೊಂಡು ಬರ್ಬೇಕು.” ಅವನು ಟೀ ಲೋಟ ಎತ್ತಿಕೊಂಡ. “ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದೆ ಜನ ಇದ್ದಾರೆ.”

ಕಡ್ಡಿ ಪಕ್ಕಕ್ಕೆ ಬರಲಿಲ್ಲ. ಹಿಂದಿನವರು ಗೊಣಗಿದರು. ಯಾರೋ “ಇದೊಳ್ಳೆ ಕಥೆಯಾಯ್ತಲ್ಲ” ಎಂದರು. ಗುಮಾಸ್ತ ದನಿ ಏರಿಸಿದ, ಇವಳೂ ಏರಿಸಿದಳು. ಗಲಾಟೆಗೆ ಒಳಬಾಗಿಲು ತೆರೆದು ವಿಭಾಗದ ಮುಖ್ಯಸ್ಥೆ ಹೊರಗೆ ಬಂದರು. ಗಿಡ್ಡಗೆ ಕತ್ತರಿಸಿದ ನರೆಗೂದಲು, ಕುತ್ತಿಗೆಗೆ ದಾರದಲ್ಲಿ ಇಳಿಬಿಟ್ಟ ಕನ್ನಡಕ. ಗುಮಾಸ್ತ ಎದ್ದು ನಿಂತು ವಿವರಿಸಿದ. ಅವರು ಪೂರ್ತಿ ಕೇಳಿ, ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದರು.

“ಇಲ್ಲಿ ರೋಗಿಗಳಿಲ್ಲ ಅಂತ ಕಿರುಚಾಡ್ತಿದ್ದೀಯಾ?”

“ಇಲ್ಲ ಮೇಡಂ. ನನ್ನ ಹೆಸರು ತೆಗೆದುಹಾಕಿದ್ದಾರೆ ಅಂತ.”

“ಎಲ್ಲರದೂ ಮುಗಿಯೋವರೆಗೂ ಕೂತ್ಕೋ. ಸಮಯ ಉಳಿದ್ರೆ ನೋಡ್ತೀನಿ. ಉಳೀದಿದ್ರೆ ಮನೆಗೆ ಹೋಗು. ಇನ್ನೊಂದು ಸಲ ದನಿ ಕೇಳಿಸಿದ್ರೆ ಉಳಿದ್ರೂ ನೋಡಲ್ಲ.”

ಅವಳು ಮೂಲೆಯ ಬೆಂಚಿನಲ್ಲಿ ಕೂತಳು. ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ಬೆಂಚುಗಳು ಖಾಲಿಯಾದವು. ಮನೆಯಲ್ಲಿ ಮಗ್ಗುಲು ತಿರುಗಿಸುವ ಹೊತ್ತು ಮೀರಿತ್ತು. ಯಾರು ತಿರುಗಿಸಿಯಾರು ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ತಳ್ಳಿದಳು, ಅದು ಮತ್ತೆ ಬಂತು. ಗುಮಾಸ್ತ ಕಿಟಕಿ ಮುಚ್ಚಿ ಊಟಕ್ಕೆ ಹೊರಡುವಾಗ “ಇನ್ನೂ ಇದ್ದೀರಾ?” ಎಂದ. ಅದೇ ಹೊತ್ತಿಗೆ ಒಳಗಿನಿಂದ ಕರೆ ಬಂತು.

ಉದ್ದದ ಮೇಜಿನ ಹಿಂದೆ ಮುಖ್ಯಸ್ಥೆಯ ಜೊತೆ ಒಬ್ಬ ಡಾಕ್ಟರು ಕೂತಿದ್ದರು. ಅವರಿಗೆ ಹಸಿವಾಗಿತ್ತು; ಕೈಗಡಿಯಾರ ನೋಡಿಕೊಳ್ಳುತ್ತಲೇ ಕೇಳಿದರು. “ನಾಲ್ಕು ವರ್ಷ ಏನು ಮಾಡ್ತಿದ್ದೆ?”

“ಲಕ್ವ ಹೊಡೆದವರನ್ನ ನೋಡ್ಕೊಳ್ತಿದ್ದೆ ಸಾರ್. ನಮ್ಮ ದೊಡ್ಡಮ್ಮನ್ನ.”

“ಸಂಬಂಧಿಕರನ್ನ ನೋಡ್ಕೊಳ್ಳೋದು ಬೇರೆ, ವಾರ್ಡ್ ಬೇರೆ. ಮನೇಲಿ ಪ್ರೀತಿ ಇರುತ್ತೆ.”

“ನಮ್ಮನೇಲಿ ಇಲ್ಲ ಸಾರ್” ಎಂದಳು ಕಡ್ಡಿ. “ಅವರು ದೊಡ್ಡಾಸ್ಪತ್ರೇಲಿ ಮೇಟ್ರನ್ ಆಗಿದ್ದವರು. ಮನೇನೂ ವಾರ್ಡ್ ಥರಾನೇ.”

ಮುಖ್ಯಸ್ಥೆ ಕನ್ನಡಕ ಮೂಗಿಗೇರಿಸಿ ಅರ್ಜಿಯ ಮೇಲಿನ ವಿಳಾಸ ಓದಿದರು. ಅವರ ಮುಖ ಬಿಗಿಯಾಯಿತು.

“ಮೇಟ್ರನ್ ಮನೆ ಹುಡುಗಿಯಾ ನೀನು?”

“ಹೌದು.”

“ಹೇಗಿದ್ದಾರೆ?”

“ಎಡಗಡೆ ಬಿದ್ದುಹೋಗಿದೆ. ಬಾಯಿ ಗಟ್ಟಿಯಾಗಿದೆ.”

ಡಾಕ್ಟರು ನಕ್ಕರು. ಮುಖ್ಯಸ್ಥೆ ನಗಲಿಲ್ಲ. “ಇಡೀ ವಾರ್ಡಿನ ಮುಂದೆ, ರೋಗಿಗಳ ಮುಂದೆ, ನನ್ನನ್ನ ನಿಲ್ಲಿಸಿ ಬೈದವರು ಅವರು. ಹಂದಿ ಕೂಡ ಇದಕ್ಕಿಂತ ಚೊಕ್ಕ ಅಂದ್ರು. ನಾನಾಗ ಎರಡನೇ ವರ್ಷದಲ್ಲಿದ್ದೆ. ನನ್ನ ಜೊತೆಯವಳೊಬ್ಬಳು ಅವರ ಕಾಟಕ್ಕೆ ಓದೇ ಬಿಟ್ಟು ಹೋದಳು, ನಮ್ಮೆಲ್ಲರಿಗಿಂತ ಚುರುಕಾಗಿದ್ದವಳು.” ಅವರು ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟರು. “ಅವರ ಕೈಕೆಳಗೆ ಇಷ್ಟು ವರ್ಷ ಪಳಗಿದವಳನ್ನ ತಂದು ನನ್ನ ಮಕ್ಕಳ ಮಧ್ಯೆ ಯಾಕೆ ಬಿಡಬೇಕು? ನಾಳೆ ನೀನೂ ಇನ್ನೊಬ್ಬ ಮೇಟ್ರನ್ ಆಗಲ್ಲ ಅಂತ ಏನು ಗ್ಯಾರಂಟಿ?”

ಇಲ್ಲಿಗೆ ಬಂದರೂ ದೊಡ್ಡಮ್ಮ ಬಿಡಲಿಲ್ಲವಲ್ಲ ಎಂದು ಕಡ್ಡಿಗೆ ಅಳು ಒತ್ತಿ ಬಂತು. ಅಳಲಿಲ್ಲ.

“ಗ್ಯಾರಂಟಿ ಇಲ್ಲ ಮೇಡಂ. ಹೆದರಿಕೆ ಇದೆ.”

“ಏನು ಹೆದರಿಕೆ?”

“ಒಂದು ದಿನ ಸಿಟ್ಟಲ್ಲಿ ಅವರ ಬೆನ್ನನ್ನ ಕೆಂಪಗಾಗೋ ಹಾಗೆ ಉಜ್ಜಿದೆ. ಬೇಕಂತಲೇ. ಆಮೇಲೆ ಅರ್ಜಿ ಹಾಕಿದೆ.”

ಡಾಕ್ಟರು ಕೈಗಡಿಯಾರ ನೋಡುವುದನ್ನು ನಿಲ್ಲಿಸಿದರು. ಮುಖ್ಯಸ್ಥೆ ಮುಂದಕ್ಕೆ ಬಾಗಿದರು. “ಇದನ್ನ ಹೇಳಿದ್ರೆ ಸೀಟು ಸಿಗುತ್ತೆ ಅಂತ ಯಾರು ಹೇಳಿದ್ರು ನಿನಗೆ?”

“ಯಾರೂ ಇಲ್ಲ. ನೀವು ಕೇಳಿದ್ರಿ.”

“ಸರಿ. ಒಬ್ಬರ ಬೆನ್ನಿಗೆ ಗಾಯ ಮಾಡಿದವಳಿಗೆ ನೂರು ಜನರ ಬೆನ್ನು ಯಾಕೆ ಬೇಕು?”

“ಡ್ಯೂಟಿ ಮುಗಿಯುತ್ತಲ್ಲ ಅದಕ್ಕೆ” ಎಂದಳು ಕಡ್ಡಿ. ಹೇಳುತ್ತಾ ಹೋದಂತೆ ದನಿ ನೆಟ್ಟಗಾಯಿತು. “ಆಸ್ಪತ್ರೇಲಿ ಹೊತ್ತು ಮುಗಿದ ಮೇಲೆ ಇನ್ನೊಬ್ಬರು ಬರ್ತಾರೆ. ಬಟ್ಟೆ ಬದಲಾಯಿಸಿ ಹೊರಗೆ ಹೋಗಬಹುದು. ನಾಳೆ ಮತ್ತೆ ಹೊಸದಾಗಿ ಬರಬಹುದು. ನನಗೆ ಆ ಕೆಲಸ ಇಷ್ಟ ಮೇಡಂ. ಮೈ ಒರೆಸೋದು, ಹಾಸಿಗೆ ಹಾಕೋದು, ಎಲ್ಲ ಇಷ್ಟ. ನಾಲ್ಕು ವರ್ಷ ಬಿಡುವೇ ಇಲ್ಲದೆ, ನನ್ನ ಕಂಡ್ರಾಗದವರಿಗೆ, ನನಗೂ ಕಂಡ್ರಾಗದವರಿಗೆ ಮಾಡಿದೆ. ಹಾಗೆ ಮಾಡ್ತಾ ಹೋದ್ರೆ ಯಾರಾದ್ರೂ ಕೆಟ್ಟುಹೋಗ್ತಾರೆ. ಅವರೂ ಹಾಗೇ ಕೆಟ್ಟರೋ ಏನೋ, ನನಗೆ ಗೊತ್ತಿಲ್ಲ. ನಾನು ಕೆಡೋಕೆ ಮುಂಚೆ ಹೊರಗೆ ಬರಬೇಕು.”

ಮುಖ್ಯಸ್ಥೆ ಏನನ್ನೋ ಬರೆದುಕೊಂಡರು.

“ನಿನ್ನ ಮಾತು ನನಗೆ ಹಿಡಿಸಲಿಲ್ಲ. ಹೋಗು. ತಿಳಿಸ್ತೀವಿ. ಈ ಸಲ ಆ ನಂಬರಿಗಲ್ಲ. ಬೋರ್ಡಿಗೆ ಹಾಕ್ತೀವಿ, ನೀನೇ ಬಂದು ನೋಡ್ಕೋ.”

ಅವಳು ಮನೆ ಸೇರುವಾಗ ಬೀದಿಯ ಬಾಗಿಲಲ್ಲೇ ದೊಡ್ಡಮ್ಮನ ದನಿ ಕೇಳಿಸಿತು. ಕೋಣೆಯಲ್ಲಿ ಅತ್ತಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಅವಳು ಅಂಗಡಿ ಮುಚ್ಚಿಸಿ ಕರೆಸಿಕೊಂಡಿದ್ದ ಅಣ್ಣ ತಾಯಿಯ ಕಂಕುಳಿಗೆ ಕೈಹಾಕಿ ಎತ್ತಲು ಒದ್ದಾಡುತ್ತಿದ್ದ. “ಎತ್ತೋದು ಹೀಗಾ, ಗೋಣಿಚೀಲ ಎತ್ತೋ ಹಾಗೆ?” ಎಂದು ದೊಡ್ಡಮ್ಮ ಬೈಯುತ್ತಿದ್ದಳು. ಕಡ್ಡಿಯನ್ನು ಕಂಡು ಅಣ್ಣ ಕೈಬಿಟ್ಟ. ನಗುಮುಖ ಎಲ್ಲಿಗೋ ಹೋಗಿತ್ತು.

“ಯಾರನ್ನ ಕೇಳಿ ಹೋದೆ?”

“ಯಾರನ್ನ ಕೇಳಿ ನನ್ನ ಹೆಸರು ತೆಗೆಸಿದೆ?”

ಅವನು ಒಂದು ಕ್ಷಣ ತಾಯಿಯ ಕಡೆ ನೋಡಿದ, ತಾಯಿ ಗೋಡೆಯ ಕಡೆ ನೋಡಿದಳು. “ನಾನು ಮಾಡಿದ್ದು ಈ ಮನೆ ಒಳ್ಳೇದಕ್ಕೆ” ಎಂದ.

“ಈ ಮನೆ ಅಂದ್ರೆ ಮಹಡಿ ಮಾತ್ರ ಅಲ್ವಾ ನಿನಗೆ.” ಕಡ್ಡಿ ಅವನನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಮಂಚಕ್ಕೆ ಒತ್ತಿ, ದೊಡ್ಡಮ್ಮನನ್ನು ತನ್ನ ಕಡೆಗೆ ಹೊರಳಿಸಿದಳು. “ನೋಡ್ಕೋ. ಮೊದಲು ಭುಜ, ಆಮೇಲೆ ಸೊಂಟ. ಸತ್ತ ಕೈಯನ್ನ ಅಡಿಗೆ ಹಾಕ್ಬೇಡ. ಇನ್ಮೇಲೆ ನೀನೇ ಮಾಡ್ಬೇಕು.”

“ಸೀಟು ಸಿಕ್ಕಿತಾ?” ಎಂದಳು ದೊಡ್ಡಮ್ಮ ಅವಳ ಭುಜದ ಹತ್ತಿರದಿಂದ.

“ಗೊತ್ತಿಲ್ಲ.”

“ಸಿಕ್ಕಿರಲ್ಲ.”

ಬೋರ್ಡಿಗೆ ಹಾಕಿದ ದಿನ ಅವಳ ಹೆಸರು ಕೆಳಗಿನಿಂದ ಎರಡನೆಯದಾಗಿತ್ತು. ಅವಳು ಮೂರು ಸಲ ಓದಿದಳು. ಪಕ್ಕದಲ್ಲಿ ಹುಡುಗಿಯರು ತಬ್ಬಿಕೊಳ್ಳುತ್ತಿದ್ದರು. ಅವಳಿಗೆ ತಬ್ಬಿಕೊಳ್ಳಲು ಯಾರೂ ಇರಲಿಲ್ಲ. ಹಾಸ್ಟೆಲ್ ಇದೆಯಾ ಎಂದು ಗುಮಾಸ್ತನನ್ನು ಕೇಳಿದಳು. “ಇದೆ, ಜಗಳ ಆಡದಿದ್ರೆ” ಎಂದ ಅವನು.

ಹೊರಡುವ ಬೆಳಿಗ್ಗೆ ಅತ್ತಿಗೆ ಮಹಡಿಯಿಂದ ಇಳಿಯಲಿಲ್ಲ. ಅಣ್ಣ ಇಳಿದು ಬಂದು, ಇವತ್ತು ಹೋದರೆ ಈ ಹೊಸಿಲು ಮತ್ತೆ ತುಳಿಯಕೂಡದು ಎಂದ. ಹೊಸದಾಗಿ ಗೊತ್ತುಮಾಡಿದ ಆಯಾ ಅಡುಗೆಮನೆಯಲ್ಲಿ ಕಣ್ಣು ಬಾಯಿ ಬಿಟ್ಟು ನಿಂತಿದ್ದಳು. ಕಡ್ಡಿ ಚೀಲ ಹಿಡಿದು ಕೋಣೆಯ ಬಾಗಿಲಿಗೆ ಬಂದಳು.

“ಹೊರಟೆ.”

“ಈಗ ಯಾರ್ಯಾರನ್ನೋ ತಗೋತಾರೆ” ಎಂದಳು ದೊಡ್ಡಮ್ಮ. “ನನ್ನ ಕಾಲದಲ್ಲಿ ಗೇಟು ದಾಟ್ತಿರಲಿಲ್ಲ ನೀನು. ಸೀಟು ಕೊಟ್ಟವಳು ಯಾರು?”

ಕಡ್ಡಿ ಮುಖ್ಯಸ್ಥೆ ಯಾರೆಂದು, ಆಕೆ ಹೇಳಿದ್ದೇನೆಂದು ಹೇಳಿದಳು. ದೊಡ್ಡಮ್ಮ ಸ್ವಲ್ಪ ಯೋಚಿಸಿದಳು.

“ನೆನಪಿದೆ. ಗಲೀಜು ಹುಡುಗಿ. ಬೈದಿದ್ದಕ್ಕೇ ಮೇಲೆ ಬಂದಿದ್ದಾಳೆ.”

“ಜೊತೆಯವಳು ಓದು ಬಿಟ್ಟಳಂತೆ. ಅದೂ ನೆನಪಿದೆಯಾ?”

ದೊಡ್ಡಮ್ಮ ಗಂಟೆ ಬಾರಿಸಿ ಆಯಾಳನ್ನು ಕರೆದಳು. ಕಡ್ಡಿ ಕಾದಳು, ಆಮೇಲೆ ಹೊರಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಾಸ್ಟೆಲಿನ ಫೋನಿಗೆ ಅಣ್ಣನ ಕರೆ ಬಂತು. ಎರಡನೆಯ ಆಯಾ ಕೂಡ ಬಿಟ್ಟು ಹೋಗಿದ್ದಳು. ಅವನ ದನಿಯಲ್ಲಿ ಫ್ರೇಮು ಮಾರುವ ನಯ ತಿರುಗಿ ಬಂದಿತ್ತು. ಹಳೆಯದೆಲ್ಲ ಮರೆತುಬಿಡೋಣ, ಭಾನುವಾರಗಳಲ್ಲಾದರೂ ಬಂದು ಹೋಗು, ಅಮ್ಮ ಯಾರನ್ನೂ ಮುಟ್ಟಗೊಡುವುದಿಲ್ಲ ಎಂದ. ಕಡ್ಡಿ ಬರುವುದಿಲ್ಲ ಎಂದಳು.

“ಒಂದು ಸಲ ಅಮ್ಮನ ಹತ್ರ ಮಾತಾಡು. ಕೇಳಿದ ಮೇಲೆ ನಿನಗೇ ಮನಸ್ಸು ಕರಗುತ್ತೆ.”

ಫೋನು ಕೈ ಬದಲಾಯಿಸಿದ ಸದ್ದು, ಉಸಿರಾಟದ ಸದ್ದು.

“ಬರಬೇಡ” ಎಂದಳು ದೊಡ್ಡಮ್ಮ. “ಬಂದ್ರೆ ಬಾಗಿಲು ತೆಗೀಬೇಡಿ ಅಂತ ಹೇಳ್ತೀನಿ. ಇವನು ಕಲೀಲಿ. ನಾನೇ ಹೆತ್ತವನು, ನಾನೇ ಕಲಿಸ್ತೀನಿ.” ಹಿಂದೆ ಅಣ್ಣ “ಅಮ್ಮಾ” ಎಂದದ್ದು ಕೇಳಿಸಿತು. “ಎಷ್ಟು ಬಂತು ಮೊದಲನೇ ಪರೀಕ್ಷೇಲಿ?”

ಕಡ್ಡಿ ಹೇಳಿದಳು.

“ಸಾಲದು” ಎಂದಳು ದೊಡ್ಡಮ್ಮ, ಫೋನು ಇಟ್ಟಳು.

ಕಡ್ಡಿಗೆ ಸಿಟ್ಟು ಬಂತು, ಹಳೆಯ ಸಿಟ್ಟೇ. ಸ್ವಲ್ಪ ಹೊತ್ತು ಅದನ್ನು ಹೊತ್ತುಕೊಂಡು ಮೊಗಸಾಲೆಯಲ್ಲಿ ಅತ್ತಿತ್ತ ತಿರುಗಿದಳು. ಮಧ್ಯಾಹ್ನ ಅವಳಿಗೆ ವಾರ್ಡಿನಲ್ಲಿ ಮೊಟ್ಟಮೊದಲ ಪಾಳಿಯಿತ್ತು. ಕೋಣೆಗೆ ಹೋಗಿ ಮುಖ ತೊಳೆದು, ಕೂದಲು ಬಿಗಿದು ಕಟ್ಟಿ, ಇಸ್ತ್ರಿಯಾದ ಸಮವಸ್ತ್ರ ತೊಟ್ಟು ಹೊರಟಳು.